ಉಣುಗಿಗೆ ಉಣಿಸುವವರಾರು?

ಕಳೆದ ಮಾಘಮಾಸದ ಒಂದು ಮುಂಜಾನೆ ಸಿದ್ದಾಪುರ ತಾಲೂಕಿನ ನೆಂಟರೊಬ್ಬರ ಮನೆಯ ಜಗುಲಿಯಲ್ಲಿ ಕುಳಿತಿದ್ದೆ. ತೋಟದ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಬೆಟ್ಟದಿಂದ ದರಕು ಗುಡಿಸಿ ತರಲು ಹೊರಟಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಅಂಗಳದ ಅಂಚಿನಲ್ಲಿ ನಿಂತು, ಆರೋಗ್ಯ ಇಲಾಖೆಯವರು ಹಂಚಿದ್ದ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳುತ್ತಿದ್ದಳು. ಬಾಟಲಿಯ ಬಿರಡೆ ಹಾಕುತ್ತ ನನ್ನ ಕಡೆ ತಿರುಗಿ ಕೇಳಿದಳು: “ಮಾಸ್ತರೇ, ನೀವು ಓದಿದವರು. ಕಡವೆಯ ಮೈ ತುಂಬ ಉಣುಗು ಇರ್ತದೆ, ಅದಕ್ಕೆ ಜ್ವರ ಬರೂದಿಲ್ಲ. ಮಂಗಕ್ಕೆ ನಾಲ್ಕು ಹತ್ತಿದರೆ ಮಂಗ ಸಾಯ್ತದೆ. ನಮ್ಮ ಕಾಲಿಗೆ ಒಂದೇ ಒಂದು ಕಚ್ಚಿದರೆ ನಾವೂ ಮಲಗ್ತೇವೆ. ಇದೆಂಥ ನ್ಯಾಯ?”

ಮೂವತ್ತು ವರ್ಷ ಪಾಠ ಹೇಳಿದ ನನ್ನ ನಾಲಗೆಗೆ ಆಗ ಉತ್ತರ ಬರಲಿಲ್ಲ. ‘ದೇವರ ಸೃಷ್ಟಿ ವಿಚಿತ್ರ’ ಎಂದೇನೋ ಹೇಳಿ ನುಣುಚಿಕೊಂಡೆ. ಆಕೆ ನಕ್ಕು, ಬುಟ್ಟಿಯನ್ನು ತಲೆಗಿಟ್ಟುಕೊಂಡು ಬೆಟ್ಟದ ಹಾದಿ ಹಿಡಿದಳು. ಆ ನಗೆ ನನ್ನನ್ನು ಪುಸ್ತಕಗಳ ಕಡೆಗೂ ಬಲ್ಲ ವೈದ್ಯರ ಕಡೆಗೂ ಅಟ್ಟಿತು. ಈ ಲೇಖನ ಅವಳಿಗೆ ನಾನು ತಡವಾಗಿ ಸಲ್ಲಿಸುತ್ತಿರುವ ಉತ್ತರವೆಂದು ವಾಚಕರು ಭಾವಿಸಬೇಕು.

ಪುಸ್ತಕದ ಕನ್ನಡದಲ್ಲಿ ಉಣ್ಣೆ ಎನ್ನುವುದನ್ನೇ ನಮ್ಮ ಸೀಮೆಯವರು ಉಣುಗು ಎನ್ನುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅದನ್ನು ಅರಿಯದ ಮಗುವಿಲ್ಲ. ದನದ ಕಿವಿಯಲ್ಲಿ, ನಾಯಿಯ ಕೊರಳಲ್ಲಿ ಹುಣಿಸೆ ಬೀಜದಂತೆ ಊದಿ ಕುಳಿತಿರುವ ಉಣುಗನ್ನು ಕಿತ್ತು ಕೆಂಡಕ್ಕೆ ಹಾಕುವುದು ಕೊಟ್ಟಿಗೆಯ ನಿತ್ಯದ ಕೆಲಸಗಳಲ್ಲೊಂದು. ಅದನ್ನು ಕಂಡು ಯಾರೂ ಹೆದರುತ್ತಿರಲಿಲ್ಲ. ಹೆದರಿಕೆ ಹುಟ್ಟಿದ್ದು 1957ರಿಂದೀಚೆಗೆ.

ಶಿರಸಿ ಸಿದ್ದಾಪುರಗಳಿಗೆ ತಾಗಿಯೇ ಸೊರಬ ತಾಲೂಕಿದೆ. 1956ರ ನವೆಂಬರ್ 1ರವರೆಗೆ ಆ ಗಡಿ ಎರಡು ರಾಜ್ಯಗಳ ಗಡಿಯಾಗಿತ್ತು. ಇತ್ತ ಮುಂಬಯಿ, ಅತ್ತ ಮೈಸೂರು. ಗಡಿ ಅಳಿಸಿ ಐದು ತಿಂಗಳು ತುಂಬುವ ಮೊದಲೇ, 1957ರ ಮಾರ್ಚಿಯಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವ ಸುದ್ದಿ ಹಬ್ಬಿತು. ಹತ್ತಿರದ ಹಳ್ಳಿಗಳ ಜನರೂ ಜ್ವರದಿಂದ ಮಲಗುತ್ತಿದ್ದರು. ಮಂಗವೂ ಮನುಷ್ಯನೂ ಒಟ್ಟಿಗೆ ಸಾಯುವುದು ಹಳದಿ ಜ್ವರದ ಲಕ್ಷಣ. ಭಾರತ ಎಂದೂ ಕಾಣದ ಆ ಪಿಡುಗು ಕೊನೆಗೂ ಬಂದಿತೇ ಎಂಬ ಆತಂಕದಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರ ಪರಿಶ್ರಮದಿಂದ ಹೊರಬಿದ್ದ ಸತ್ಯ ಬೇರೆಯೇ ಆಗಿತ್ತು. ಅದು ಅದುವರೆಗೆ ಯಾರೂ ಕಾಣದ ಹೊಸ ವೈರಸ್ಸು. ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ದಾಯಾದಿ. ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಶಾಸ್ತ್ರ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಿಟ್ಟಿತು. ಜನ ಮಂಗನ ಕಾಯಿಲೆ ಎಂದರು.

ಜನರಿಟ್ಟ ಹೆಸರೇ ಉಳಿಯಿತು. ಆದರೆ ಹೆಸರು ಕೆಲವೊಮ್ಮೆ ತೀರ್ಪೂ ಆಗಿಬಿಡುತ್ತದೆ. ಕಾಯಿಲೆ ಮಂಗನದಾದ ಮೇಲೆ ತಪ್ಪೂ ಮಂಗನದೇ ಎಂಬ ಭಾವನೆ ಬೇರೂರಿತು. ಈಚೆಗೆ ಈ ಆರೋಪಿಗಳ ಸಾಲಿಗೆ ಜಿಂಕೆ ಕಡವೆಗಳನ್ನೂ ಸೇರಿಸಿ ಮಾತನಾಡುವವರನ್ನು ಕಾಣುತ್ತಿದ್ದೇನೆ. ‘ಕಾಡಿನ ಮೃಗಗಳೇ ಉಣುಗನ್ನು ಹೊತ್ತು ತೋಟಕ್ಕೆ ತರುತ್ತವೆ, ಅವನ್ನು ಇಲ್ಲವಾಗಿಸಿದರೆ ಕಾಯಿಲೆ ಇಲ್ಲವಾಗುತ್ತದೆ’ ಎಂಬ ವಾದ ಚಹದಂಗಡಿಯಲ್ಲೂ ಕೇಳುತ್ತದೆ, ಸಭೆಯಲ್ಲೂ ಕೇಳುತ್ತದೆ. ಈ ವಾದದಲ್ಲಿ ಅರ್ಧ ನಿಜವಿದೆ. ಅರ್ಧ ನಿಜವಾದ್ದರಿಂದಲೇ ಅದು ಪೂರ್ಣ ಸುಳ್ಳಿಗಿಂತ ಹೆಚ್ಚು ಅಪಾಯಕರ.

ಉಣುಗಿನ ಬಾಳನ್ನು ಸ್ವಲ್ಪ ನೋಡೋಣ. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಉಣುಗಿನ ಜಾತಿ ತನ್ನ ಜೀವಮಾನದಲ್ಲಿ ಮೂರು ಬಾರಿ ಮಾತ್ರ ಊಟ ಮಾಡುತ್ತದೆ, ಮೂರು ಬಾರಿಯೂ ಬೇರೆ ಬೇರೆ ಪ್ರಾಣಿಯ ಮೇಲೆ. ಮಳೆಗಾಲದಲ್ಲಿ ದೊಡ್ಡ ಉಣುಗು ದೊಡ್ಡ ಪ್ರಾಣಿಯನ್ನು ಹುಡುಕುತ್ತದೆ. ದನ, ಎಮ್ಮೆ, ಕಾಡುಕೋಣ, ಕಡವೆ, ಜಿಂಕೆ ಯಾವುದಾದರೂ ಸರಿಯೆ. ಹೊಟ್ಟೆ ತುಂಬ ರಕ್ತ ಕುಡಿದ ಹೆಣ್ಣು ನೆಲಕ್ಕೆ ಬಿದ್ದು ಎಲೆಗಳಡಿಯಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮಳೆ ಹಿಂದೆ ಸರಿದಾಗ ಮೊಟ್ಟೆಯೊಡೆದ ಮರಿಗಳು ಇಲಿ, ಅಳಿಲು, ನೆಲದ ಹಕ್ಕಿ, ಮಂಗಗಳನ್ನು ಹತ್ತುತ್ತವೆ. ಆ ಊಟದಿಂದ ಬೆಳೆದು ಎಳ್ಳುಕಾಳಿನಷ್ಟಾದ ಎಳೆಯ ಉಣುಗುಗಳು ಚಳಿಗಾಲದಿಂದ ಬೇಸಗೆಯವರೆಗೆ ದರಕಿನಲ್ಲಿ ಕಾದಿರುತ್ತವೆ. ಮನುಷ್ಯನನ್ನು ಕಚ್ಚುವುದು ಹೆಚ್ಚಾಗಿ ಇವೇ. ಕಣ್ಣಿಗೆ ಕಾಣುವ ದೊಡ್ಡ ಉಣುಗಿಗಿಂತ ಕಾಣದ ಸಣ್ಣದು ಕೇಡು.

ಇಲ್ಲಿ ಒಂದು ಶಬ್ದವನ್ನು ಬಿಡಿಸಿ ನೋಡಬೇಕು. ರೋಗಕ್ಕೋ ಉಣುಗಿಗೋ ನೆಲೆಯಾಗುವ ಪ್ರಾಣಿಯನ್ನು ನಮ್ಮ ವಿಜ್ಞಾನದ ಪುಸ್ತಕಗಳು ‘ಆತಿಥೇಯ’ ಎನ್ನುತ್ತವೆ. ಆತಿಥೇಯರಲ್ಲಿ ಒಂದೇ ಬಗೆಯಲ್ಲ. ಉಣುಗಿಗೆ ರಕ್ತವನ್ನು ಉಣಿಸುವವರು ಒಂದು ಬಗೆ. ರೋಗಾಣುವನ್ನು ಮೈಯಲ್ಲಿಟ್ಟುಕೊಂಡು, ಬಂದ ಉಣುಗಿಗೆಲ್ಲ ದಾಟಿಸುವವರು ಇನ್ನೊಂದು ಬಗೆ. ರೋಗ ತಗಲಿ ಬಲಿಯಾಗುವವರು ಮೂರನೆಯವರು. ಒಂದೇ ಪ್ರಾಣಿ ಮೂರೂ ಆಗಿರಬೇಕೆಂಬ ನಿಯಮವಿಲ್ಲ. ದನವನ್ನೇ ನೋಡಿ, ಅದರ ಮೈಮೇಲೆ ಉಣುಗು ಕೊಬ್ಬುತ್ತದೆ, ಆದರೆ ಮಂಗನ ಕಾಯಿಲೆಯ ವೈರಸ್ಸು ಅದರ ರಕ್ತದಲ್ಲಿ ಮತ್ತೊಂದು ಉಣುಗಿಗೆ ಅಂಟುವಷ್ಟು ಏರುವುದಿಲ್ಲ. ಕಾಡಿನ ದೊಡ್ಡ ಗೊರಸಿನ ಪ್ರಾಣಿಗಳ ಪಾತ್ರವೂ ಮುಖ್ಯವಾಗಿ ಇಂಥದೇ: ಉಣುಗಿಗೆ ಊಟ, ಅದರಿಂದ ಸಂತಾನ. ಮಂಗನ ಪಾತ್ರ ಬೇರೆ. ಅದರ ರಕ್ತದಲ್ಲಿ ವೈರಸ್ಸು ಉಕ್ಕಿ ಹರಿಯುತ್ತದೆ. ಅದು ಬಿದ್ದು ಸತ್ತಾಗ ಮೈಮೇಲಿನ ಉಣುಗುಗಳು ರೋಗ ಹೊತ್ತು ಸುತ್ತಲಿನ ನೆಲಕ್ಕಿಳಿಯುತ್ತವೆ. ಸತ್ತ ಮಂಗನ ಸುತ್ತ 50 ಮೀಟರಿನವರೆಗೆ ಕೀಟನಾಶಕದ ಪುಡಿ ಎರಚುವುದು ಇದಕ್ಕಾಗಿಯೇ. ಮಂಗ ರೋಗವನ್ನು ಹೆಚ್ಚಿಸುತ್ತದೆ, ನಿಜ. ಆದರೆ ಮೊದಲು ಸಾಯುವುದೂ ಅದೇ. ತಾನು ಸತ್ತು ಊರಿಗೆ ಎಚ್ಚರಿಕೆ ಕೊಡುವ ಪ್ರಾಣಿಯನ್ನು ಅಪರಾಧಿಯೆನ್ನಲು ನನಗೆ ಮನಸ್ಸು ಬರುವುದಿಲ್ಲ. ಮನುಷ್ಯನಾದರೋ ಬರಿಯ ಬಲಿ; ಅವನಲ್ಲಿಗೆ ಬಂದ ವೈರಸ್ಸು ಮುಂದೆಲ್ಲಿಗೂ ಹೋಗುವುದಿಲ್ಲ.

ಜಿಂಕೆಯನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿ ವಿಚಾರಣೆ ನಡೆಸಿದ ದೇಶವೊಂದಿದೆ. ಆ ವಿಚಾರಣೆಯ ಫಲ ನಮಗೂ ಬೇಕಾದದ್ದು. ಅಮೇರಿಕದ ಕನೆಕ್ಟಿಕಟ್ ಸಂಸ್ಥಾನದ ಲೈಮ್ ಎಂಬ ಊರಿನ ಸುತ್ತ 1975ರ ಸುಮಾರಿಗೆ ಅನೇಕ ಮಕ್ಕಳ ಕೀಲುಗಳು ಬಾತುಕೊಂಡವು. ಕಾರಣ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯ, ಅದನ್ನು ಹರಡುವುದು ಉಣ್ಣೆ ಎಂಬುದು 1982ರ ಹೊತ್ತಿಗೆ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿಯ ಶೋಧದಿಂದ ಗೊತ್ತಾಯಿತು. ಆ ಉಣ್ಣೆಗೆ ಅಲ್ಲಿನ ಜನ ಇಟ್ಟ ಹೆಸರು ‘ಜಿಂಕೆಯ ಉಣ್ಣೆ’. ಮತ್ತೆ ಹೆಸರೇ ತೀರ್ಪಾಯಿತು. ಜಿಂಕೆಯೇ ರೋಗದ ತವರೆಂದು ಜನ ನಂಬಿದರು. ಪರೀಕ್ಷೆ ಬೇರೆ ಮಾತು ಹೇಳಿತು. ಬ್ಯಾಕ್ಟೀರಿಯವನ್ನು ಕಾಪಿಟ್ಟುಕೊಂಡದ್ದು ಮುಖ್ಯವಾಗಿ ಬಿಳಿಗಾಲಿನ ಒಂದು ಪುಟ್ಟ ಇಲಿ. ಜಿಂಕೆಯ ರಕ್ತದಲ್ಲಿ ಆ ಬ್ಯಾಕ್ಟೀರಿಯ ಉಳಿಯುವುದೇ ಇಲ್ಲ, ಸಾಯುತ್ತದೆ.

ಹಾಗಾದರೆ ಜಿಂಕೆ ಪೂರ್ಣ ನಿರಪರಾಧಿಯೆ? ಅದನ್ನೂ ಅವಸರದಲ್ಲಿ ಹೇಳುವಂತಿಲ್ಲ. ಮೇನ್ ಸಂಸ್ಥಾನದ ಮನ್‌ಹೀಗನ್ ಎಂಬ ಸಣ್ಣ ದ್ವೀಪದಲ್ಲಿ 1999ರ ಹೊತ್ತಿಗೆ ಜಿಂಕೆಗಳನ್ನೆಲ್ಲ ತೆಗೆದುಹಾಕಿದಾಗ, ಮುಂದಿನ ಕೆಲವೇ ವರ್ಷಗಳಲ್ಲಿ ಉಣ್ಣೆಗಳು ಬಹಳ ಮಟ್ಟಿಗೆ ಕಡಮೆಯಾದವು. ರೋಗಾಣುವನ್ನು ಕೊಡದಿದ್ದರೂ ಉಣ್ಣೆಯ ಸಂತಾನಕ್ಕೆ ಜಿಂಕೆ ಬೇಕಿತ್ತು. ಇನ್ನೊಂದು ಬ್ಯಾಕ್ಟೀರಿಯದ ಕತೆ ಇದಕ್ಕಿಂತ ಬೇರೆ. ಎರ್ಲಿಕಿಯ ಎಂಬ ಬ್ಯಾಕ್ಟೀರಿಯದ ಜ್ವರವನ್ನು ಅಮೇರಿಕದ ಮನುಷ್ಯರಲ್ಲಿ ಮೊದಲು ಗುರುತಿಸಿದ್ದು 1986ರಲ್ಲಿ. ಆ ರೋಗಾಣುವಿಗೆ ಅಲ್ಲಿಯ ಬಿಳಿಬಾಲದ ಜಿಂಕೆಯೇ ನಿಜವಾದ ತವರು. ಕಾಯಿಲೆ ಬೀಳದೆ ಅದು ರೋಗಾಣುವನ್ನು ರಕ್ತದಲ್ಲಿ ಕಾಪಿಡುತ್ತದೆ. ಒಂದೇ ಕಾಡು, ಒಂದೇ ಜಿಂಕೆ; ಒಂದು ರೋಗದಲ್ಲಿ ಬರಿಯ ಅನ್ನದಾತ, ಇನ್ನೊಂದರಲ್ಲಿ ಉಗ್ರಾಣ. ಪ್ರಾಣಿಯನ್ನು ನೋಡಿ ತೀರ್ಪು ಕೊಡುವಂತಿಲ್ಲ. ಪ್ರಾಣಿ, ಉಣುಗು, ರೋಗಾಣು ಮೂರನ್ನೂ ಸೇರಿಸಿ ನೋಡಬೇಕು. ಕಣ್ವಾಶ್ರಮದ ಜಿಂಕೆಯನ್ನೂ ಮಾರೀಚನ ಮಾಯಾಮೃಗವನ್ನೂ ಬಲ್ಲ ನಮಗೆ, ಒಂದೇ ರೂಪದ ಹಿಂದೆ ಎರಡು ನಿಜಗಳಿರಬಹುದೆಂಬುದು ಹೊಸ ಮಾತಲ್ಲ.

ಈ ಬ್ಯಾಕ್ಟೀರಿಯಗಳ ಮಾತು ನಮ್ಮಿಂದ ದೂರದ್ದೆಂದು ತಿಳಿಯಬಾರದು. ನಾಗರಹೊಳೆ, ಬಂಡೀಪುರದ ಕಾಡುಗಳಲ್ಲಿ ದುಡಿಯುವವರ ರಕ್ತವನ್ನು ಪರೀಕ್ಷಿಸಿದ ವೈದ್ಯರಿಗೆ ಲೈಮ್ ರೋಗಾಣುವಿಗೆ ಎದುರಾದ ಪ್ರತಿಕಾಯಗಳು ಕೆಲವರಲ್ಲಿ ಕಂಡಿವೆ. ಉಣ್ಣೆಗಳಿಂದ ಬರುವ ಟೈಫಸ್ ಜ್ವರ ನಮ್ಮ ದೇಶದಲ್ಲಿ ಹಳೆಯದು. ಅದು ಅಂಗೈ ಅಂಗಾಲುಗಳಲ್ಲೂ ಚುಕ್ಕೆ ಎಬ್ಬಿಸುತ್ತದೆ. ಪೊದೆಗಳಲ್ಲಿರುವ ನುಸಿಯಂಥ ಹುಳದ ಮರಿಗಳಿಂದ ಬರುವ ಇನ್ನೊಂದು ಟೈಫಸ್ ಕರ್ನಾಟಕದ ಹಳ್ಳಿಗಳಲ್ಲಿ ಆಗಾಗ ಕಾಣುತ್ತದೆ. ಇವೆಲ್ಲವೂ ಮೊದಲ ದಿನಗಳಲ್ಲಿ ಒಂದೇ ವೇಷ ತೊಟ್ಟು ಬರುತ್ತವೆ: ಏಕಾಏಕಿ ಜ್ವರ, ಸಿಡಿಯುವ ತಲೆನೋವು, ಮೈಕೈ ನೋವು. ಮಂಗನ ಕಾಯಿಲೆಯೂ ಹೀಗೆಯೇ ಆರಂಭವಾಗುತ್ತದೆ. ಬಳಿಕ ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ. ಇನ್ನು ಕೆಲವರಿಗೆ ಜ್ವರ ಬಿಟ್ಟಿತೆಂದು ಸಮಾಧಾನಪಡುವಾಗಲೇ ಅದು ಮರಳಿ ಬಂದು ಮಿದುಳಿಗೇರುತ್ತದೆ. ರೋಗ ಹಿಡಿದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆಂಬುದು ಬಹುಕಾಲದ ಅಂದಾಜು.

ವೇಷ ಒಂದೇ ಆದರೂ ಔಷಧ ಒಂದೇ ಅಲ್ಲ. ನಮ್ಮ ಮನೆಗಳಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ. ಬ್ಯಾಕ್ಟೀರಿಯದ ಈ ಜ್ವರಗಳಿಗೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯಿದೆ. ಹೊತ್ತಿಗೆ ಸರಿಯಾಗಿ ಕೊಟ್ಟರೆ ರೋಗಿ ಎದ್ದು ಕೂರುತ್ತಾನೆ, ತಡವಾದರೆ ಅದೂ ಪ್ರಾಣಕ್ಕೆ ಬರಬಹುದು. ಮಂಗನ ಕಾಯಿಲೆ ವೈರಸ್ಸಿನದು. ಆ ಮಾತ್ರೆಗೆ ಅದು ಜಗ್ಗುವುದಿಲ್ಲ, ಅದನ್ನೇ ಗುರಿಮಾಡಿ ಕೊಲ್ಲುವ ಮದ್ದೂ ಇಲ್ಲ. ನೀರು, ರಕ್ತ, ಶುಶ್ರೂಷೆಗಳಿಂದ ರೋಗಿಯ ಮೈ ತಾನೇ ಗೆಲ್ಲುವವರೆಗೆ ಕಾಯುವುದೇ ಚಿಕಿತ್ಸೆ. ಹೀಗಿರುವಾಗ ಉಣುಗಿನ ಕಾಲದಲ್ಲಿ ಬಂದ ಜ್ವರವೆಲ್ಲ ಮಂಗನ ಕಾಯಿಲೆಯೇ ಎಂದು ಕೈಚೆಲ್ಲುವುದೂ ತಪ್ಪು. ಸಾಮಾನ್ಯ ಜ್ವರವೆಂದು ನಾಲ್ಕು ದಿನ ಕಷಾಯ ಕುಡಿಸಿ ಕಾಯುವುದೂ ತಪ್ಪು. ವೈರಸ್ಸು ರಕ್ತದಲ್ಲಿ ಸುಲಭವಾಗಿ ಸಿಕ್ಕುವುದು ಜ್ವರದ ಮೊದಲ ದಿನಗಳಲ್ಲಿ. ರಕ್ತಪರೀಕ್ಷೆಯ ಬೆಲೆಯೆಲ್ಲ ಆ ಕೆಲವು ದಿನಗಳಲ್ಲಿದೆ.

ಈಗ ದರಕಿನ ಕಡೆಗೆ ಬರೋಣ. ಅಡಕೆ ತೋಟಕ್ಕೆ ಗೊಬ್ಬರ ಬೇಕು. ಗೊಬ್ಬರಕ್ಕೆ ಕೊಟ್ಟಿಗೆಯಲ್ಲಿ ಹಾಸು ಬೇಕು. ಹಾಸಿಗೆ ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಗೆಯಲ್ಲಿ ಒಣಗಿದ ದರಕು. ಇದಕ್ಕಾಗಿ ತೋಟಗಾರರಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟಗಳ ಹಕ್ಕಿದೆ. ಯಲ್ಲಾಪುರದ ಕಡೆಯ ಗೌಳಿಗರ ಎಮ್ಮೆಗಳು ಕಾಡಿನಲ್ಲೇ ಮೇಯುತ್ತವೆ. ದರಕು ಉದುರುವ ಕಾಲ, ಸೌದೆ ತರುವ ಕಾಲ, ಎಳೆಯ ಉಣುಗು ಕಾದಿರುವ ಕಾಲ ಮೂರೂ ಒಂದೇ: ಡಿಸೆಂಬರಿನಿಂದ ಮೇವರೆಗೆ. ಉಣುಗಿನ ಪಂಚಾಂಗವೂ ಕೂಲಿಯವಳ ಪಂಚಾಂಗವೂ ಹೀಗೆ ಹೊಂದಿಕೊಂಡಿರುವಾಗ ‘ಕಾಡಿಗೆ ಹೋಗಬೇಡಿ’ ಎಂಬ ಎಚ್ಚರಿಕೆಯ ಫಲಕಕ್ಕೆ ಏನರ್ಥ? ಹೋಗದಿದ್ದರೆ ಆ ದಿನದ ಕೂಲಿಯಿಲ್ಲ.

ದನಗಳ ಪಾತ್ರವನ್ನು ಬಹಳ ಹಿಂದೆಯೇ ಗುರುತಿಸಿದವರು ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ. ಜನಸಂಖ್ಯೆ ಬೆಳೆದು, ಹಳ್ಳಿಗಳು ಕಾಡಿನೊಳಕ್ಕೆ ಸರಿದು, ಕಾಡಿನಂಚಿನಲ್ಲಿ ಮೇಯುವ ದನಗಳು ಹೆಚ್ಚಿದಂತೆ ಉಣುಗಿನ ಸಂತಾನವೂ ಹೆಚ್ಚಿತು; ಅದುವರೆಗೆ ಕಾಡಿನೊಳಗೆ ಸದ್ದಿಲ್ಲದೆ ಇದ್ದ ವೈರಸ್ಸು ಹೊರಗೆ ಬಂದಿತು ಎಂಬುದು 1969ರಲ್ಲಿ ಅವರು ಮಂಡಿಸಿದ ವಿಚಾರದ ಸಾರ. ಅದನ್ನು ಓದಿದಾಗ ನನ್ನ ಆರೋಪಿಗಳ ಪಟ್ಟಿ ತಲೆಕೆಳಗಾಯಿತು. ಕಡವೆ ಉಣುಗಿಗೆ ಉಣಿಸುವುದು ನಿಜವಾದರೆ, ನನ್ನ ನೆಂಟರ ಕೊಟ್ಟಿಗೆಯ ಹಸುವೂ ಉಣಿಸುತ್ತದೆ. ಹಸುವನ್ನು ಬೆಟ್ಟಕ್ಕೆ ಹೊಡೆದವರು ನಾವು. ಮನ್‌ಹೀಗನ್ ದ್ವೀಪದಲ್ಲಿ ಉಣ್ಣೆಗೆ ಜಿಂಕೆಯ ಹೊರತು ಬೇರೆ ದೊಡ್ಡ ಆತಿಥೇಯನಿರಲಿಲ್ಲ. ಸಿದ್ದಾಪುರ ದ್ವೀಪವಲ್ಲ. ಇಲ್ಲಿ ಕಡವೆಗಳನ್ನೆಲ್ಲ ಕೊಂದರೂ ಉಣುಗಿನ ಎಲೆಯಲ್ಲಿ ಅನ್ನ ಕಡಮೆಯಾಗುವುದಿಲ್ಲ. ಬಡಿಸುವ ಕೈ ಬದಲಾಗುತ್ತದೆ, ಅಷ್ಟೆ. ಕೊಲ್ಲುವುದು ಕಾನೂನಿಗೆ ವಿರೋಧ ಎಂಬುದು ಬೇರೆ ಮಾತು; ಅದು ವಿವೇಕಕ್ಕೂ ವಿರೋಧ ಎಂಬುದೇ ನನ್ನ ಮಾತು.

ಇಷ್ಟರಲ್ಲಿ ಕಾಯಿಲೆ ಮಾತ್ರ ತನ್ನ ದಾರಿ ಹಿಡಿದು ನಡೆದಿದೆ. 2012ರಲ್ಲಿ ಅದು ಬಂಡೀಪುರದಲ್ಲಿ ಕಂಡಿತು. ಮುಂದಿನ ವರ್ಷಗಳಲ್ಲಿ ಕೇರಳದ ವಯನಾಡು, ಗೋವೆ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿತು. 2018ರ ಕೊನೆಯಿಂದ ಸಾಗರ ತಾಲೂಕಿನ ಅರಳಗೋಡಿನ ಸುತ್ತ ಸಾವುಗಳಾದವು. 2024ರಲ್ಲಿ ರಾಜ್ಯದಲ್ಲಿ ಅತಿ ಹೆಚ್ಚು ನಲುಗಿದ ತಾಲೂಕುಗಳಲ್ಲಿ ನಮ್ಮ ಸಿದ್ದಾಪುರವೂ ಒಂದು. ಬೆಂಗಳೂರಿನ ಹೆಬ್ಬಾಳದ ಪಶು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆ ಇತ್ತು. ಎರಡು ಸಲ ಹಾಕಿಸಿಕೊಂಡವರಲ್ಲಿ ಅದರ ರಕ್ಷಣೆ ನೂರಕ್ಕೆ ಸುಮಾರು 62, ಮೂರನೆಯದನ್ನೂ ಪಡೆದವರಲ್ಲಿ ಸುಮಾರು 83 ಎಂದು 2005ರಿಂದ 2010ರವರೆಗಿನ ಲೆಕ್ಕ ಹೇಳುತ್ತದೆ. ಅನೇಕರು ಮೂರನೆಯದಕ್ಕೆ ಬರಲೇ ಇಲ್ಲ. ಬರಬರುತ್ತ ಲಸಿಕೆಯ ಶಕ್ತಿಯ ಬಗ್ಗೆಯೇ ಸಂದೇಹ ಹುಟ್ಟಿ 2022ರಲ್ಲಿ ಅದರ ಬಳಕೆ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯ ಕೆಲಸವನ್ನು ಕೈಗೊಂಡಿದೆ. ಆದರೆ ಹಳೆಯದು ನಿಂತ ಮೇಲೆ ಹೊಸದು ಬರುವವರೆಗಿನ ಬೇಸಗೆಗಳನ್ನು ದರಕು ಗುಡಿಸುವವರು ಒಂದು ಬಾಟಲಿ ಎಣ್ಣೆಯ ಆಸರೆಯಲ್ಲಿ ಕಳೆಯಬೇಕಾಯಿತು.

ನನ್ನಂಥ ತೋಟದ ಮನೆಯ ಹಿನ್ನೆಲೆಯವರು ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ತೋಟ ನಮ್ಮದು, ದರಕು ನಮ್ಮ ಕೊಟ್ಟಿಗೆಗೆ. ಉಣುಗು ಹತ್ತುವುದು ಅವಳ ಕಾಲಿಗೆ. ಎಣ್ಣೆ ಇಲಾಖೆ ಕೊಡುತ್ತದೆ, ಸರಿ. ಉದ್ದ ತೋಳಿನ ಅಂಗಿ, ಕಾಲುಮುಚ್ಚುವ ಬೂಟು ಕೊಡುವವರು ಯಾರು? ಬೆಟ್ಟದಿಂದ ಬಂದೊಡನೆ ಮೀಯಲು ಬಿಸಿನೀರು, ಬದಲಿಸಲು ಬಟ್ಟೆ? ಜ್ವರ ಬಂದ ದಿನವೇ ರಕ್ತಪರೀಕ್ಷೆಗೆ ಒಯ್ಯುವ ವಾಹನ, ಮಲಗಿದ ದಿನಗಳ ಕೂಲಿ? ಇವು ಯಾವುವೂ ದೊಡ್ಡ ವಿಜ್ಞಾನವಲ್ಲ. ಅಡಕೆ ಮಾರಿದ ಹಣದ ಒಂದು ಸಣ್ಣ ಪಾಲು ಸಾಕು. ಸರಕಾರದಿಂದ ಲಸಿಕೆಯನ್ನೂ ತಾಲೂಕಿನ ಹತ್ತಿರದಲ್ಲೇ ಪರೀಕ್ಷೆಯ ಅನುಕೂಲವನ್ನೂ ಗಟ್ಟಿಯಾಗಿ ಕೇಳುವ ಹಕ್ಕು ನಮಗಿದೆ. ಆ ಹಕ್ಕಿಗೆ ತೂಕ ಬರಬೇಕಾದರೆ ಮನೆಯ ಪಾಲನ್ನು ಮನೆಯವರು ಮೊದಲು ಸಲ್ಲಿಸಬೇಕು. ಸತ್ತ ಮಂಗನನ್ನು ಕಂಡರೆ ಮುಟ್ಟದೆ, ಹೂಳದೆ, ಮುಚ್ಚಿಡದೆ ಆ ದಿನವೇ ತಿಳಿಸುವುದೂ ಆ ಪಾಲಿಗೇ ಸೇರಿದ್ದು. ಸುದ್ದಿ ಹಬ್ಬಿದರೆ ಆಳುಗಳು ಬೆಟ್ಟಕ್ಕೆ ಬಾರರೆಂಬ ಭಯದಿಂದ ಬಾಯಿಮುಚ್ಚಿಕೊಂಡವರನ್ನು ನಾನು ಬಲ್ಲೆ.

ಇಷ್ಟನ್ನು ತಿಳಿದ ಮೇಲೆ ಆ ಹೆಂಗಸಿನ ಪ್ರಶ್ನೆಗೆ ಉತ್ತರ ಹೇಳಬಲ್ಲೆನೆಂದುಕೊಂಡು ಮತ್ತೆ ಆ ಊರಿಗೆ ಹೋದೆ. ಕಡವೆಯ ಮೈ ಉಣುಗಿಗೆ ಊಟ ಕೊಡುತ್ತದೆ, ಆದರೆ ವೈರಸ್ಸಿಗೆ ಬೀಡಾಗುವುದು ಮಂಗನ ಮೈ. ಮೃಗಗಳಲ್ಲಿ ಯಾವುದೂ ಬೇಕೆಂದು ಕೇಡು ಮಾಡಿದ್ದಲ್ಲ ಎಂದು ನನಗೆ ತಿಳಿದ ಮಟ್ಟಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿದಳು. ಕೊನೆಗೆ, “ಹಂಗಾರೆ ಮಾಸ್ತರೇ, ತಪ್ಪು ಯಾರದೂ ಅಲ್ಲ ಅಂತಾಯ್ತು. ಸಾಯೂದು ಮಾತ್ರ ಮಂಗ ಮತ್ತೆ ನಾವು” ಎಂದಳು.

ನನ್ನಲ್ಲಿದ್ದ ಪುಸ್ತಕಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾವು ಮಾತಾಡುತ್ತಿದ್ದಾಗ ನೆಂಟರ ಮನೆಯ ಹಿತ್ತಿಲಿನಿಂದ ಅವಳು ಆ ದಿನ ತಂದ ದರಕಿನ ರಾಶಿಯ ಒಣ ವಾಸನೆ ಬರುತ್ತಿತ್ತು. ಕೊಟ್ಟಿಗೆಯಲ್ಲಿ ಹಾಸು ಹೊಸದಾಗಿತ್ತು.